ಅವ್ವನ ಮನೆಯಲ್ಲಿ ಎಂಟು ದಿನ, ಒಂದು ಹಾಲಿನ ಪುಸ್ತಕ

ಭಾನುವಾರ

ದಸರಾ ರಜೆ ಬಂತು. ಮಕ್ಕಳಿಬ್ಬರನ್ನೂ ಕರೆದುಕೊಂಡು ಅವ್ವನ ಮನೆಗೆ ಹೊರಟೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಯಜಮಾನರಿಗೆ ಆಯುಧಪೂಜೆಯವರೆಗೂ ರಜೆ ಇಲ್ಲ, ಹಾಗಾಗಿ ನಾವು ಮೂವರೇ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಮೆಮು ರೈಲು ತುಂಬಿ ತುಳುಕುತ್ತಿತ್ತು. ರಾಮನಗರದವರೆಗೂ ನಿಂತೇ ಇದ್ದೆವು. ಆಮೇಲೆ ಒಬ್ಬ ಹಿರಿಯರು ಮಗನನ್ನು ಎಳೆದು ತೊಡೆ ಮೇಲೆ ಕೂರಿಸಿಕೊಂಡು, "ಯಾವೂರ್ಗೆ ಮಗಾ?" ಅಂದರು. "ಅಜ್ಜಿ ಊರಿಗೆ" ಅಂದ. ಅಷ್ಟು ಹೇಳಿದ್ದೇ ಸಾಕಾಯಿತು ಅವರಿಗೆ.

ಮದ್ದೂರಿನಲ್ಲಿ ವಡೆ ಬಂತು. ಕಾಗದದ ತುಂಬ ಎಣ್ಣೆ, ಬಾಯ ತುಂಬ ಈರುಳ್ಳಿ. ಮಂಡ್ಯ ದಾಟಿದ ಮೇಲೆ ಕಿಟಕಿಯಾಚೆ ಭತ್ತ, ಕಬ್ಬು, ತೆಂಗು, ಮತ್ತೆ ಭತ್ತ. ಇಷ್ಟೊಂದು ಹಸಿರು ಎಲ್ಲಿಂದ ಬಂತು ಅಂತ ಮಗಳು ಕೇಳಿದಳು. ಕನ್ನಂಬಾಡಿ ಕಟ್ಟೆಯಿಂದ ಅಂದೆ. ಕೆ.ಆರ್.ಎಸ್. ಅಂತ ಪುಸ್ತಕದಲ್ಲಿ ಓದಿದ್ದಾಳೆ, ಆದರೆ ನಮ್ಮ ಕಡೆ ಯಾರೂ ಹಾಗೆ ಕರೆಯುವುದಿಲ್ಲ. 1911ರಲ್ಲಿ ಕಟ್ಟೆ ಕೆಲಸ ಶುರುವಾಗಿ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ತುಂಬಿದರೆ 124.80 ಅಡಿ. ಮಂಡ್ಯದ ರೈತರಿಗೆ ತಮ್ಮ ಮಕ್ಕಳ ಹುಟ್ಟಿದ ತಾರೀಕು ಮರೆತರೂ ಈ ಲೆಕ್ಕ ಮರೆಯುವುದಿಲ್ಲ. ಈ ಸಲ ಕಟ್ಟೆ ಚೆನ್ನಾಗಿ ತುಂಬಿದೆ, ಅದಕ್ಕೇ ಎಲ್ಲರ ಮಾತಿನಲ್ಲೂ ಒಂದು ನೆಮ್ಮದಿ.

ಪಾಂಡವಪುರ ಸ್ಟೇಷನ್ನಿಗೆ ಅಣ್ಣ ಬೈಕಿನಲ್ಲಿ ಬಂದಿದ್ದ. ಬ್ಯಾಗು ಅವನಿಗೆ ಕೊಟ್ಟು ನಾವು ಆಟೋ ಹತ್ತಿದೆವು. ಈ ಊರಿಗೆ ಹಿಂದೆ ಹಿರೋಡೆ ಅನ್ನುತ್ತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರಿಂದ ಇಂಗ್ಲಿಷರು ಇದನ್ನು ಫ್ರೆಂಚ್ ರಾಕ್ಸ್ ಅಂತ ಕರೆದರು. ನಮ್ಮ ತಾತ ಕೊನೆಯವರೆಗೂ 'ಪ್ರೆಂಚ್ ರಾಕ್ಸು' ಅಂತಲೇ ಹೇಳುತ್ತಿದ್ದರು.

ಅವ್ವ ಬಾಗಿಲಲ್ಲೇ ನೀರಿನ ಚೊಂಬು ಹಿಡಿದು ನಿಂತಿದ್ದಳು. ರಾತ್ರಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಊಟ ಆದ ಮೇಲೆ ನಾನು ಬರೆದುಕೊಂಡು ಬಂದಿದ್ದ ಪಟ್ಟಿ ಓದಿದೆ: ಮೃಗಾಲಯ, ರಂಗನತಿಟ್ಟು, ಬೃಂದಾವನ, ಚಾಮುಂಡಿ ಬೆಟ್ಟ, ಅರಮನೆ ದೀಪ. ಅವ್ವ ಎಲ್ಲಾ ಕೇಳಿಸಿಕೊಂಡಳು. "ಅಷ್ಟೆಲ್ಲ ಸುತ್ತಕ್ಕೆ ಮೈಸೂರಲ್ಲೇ ಇಳ್ಕೋಬಹುದಿತ್ತಲ್ಲ ಕೂಸೇ. ಐಕ್ಳು ನಾಕ್ ದಿನ ಮನೇಲಿರ್ಲಿ ಬುಡು" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು. ಪಟ್ಟಿ ಮಡಚಿ ಪರ್ಸಿನಲ್ಲಿಟ್ಟೆ.

ಸೋಮವಾರ

ಬೆಳಿಗ್ಗೆ ಐದೂವರೆಗೆ ಕೊಟ್ಟಿಗೆಯಲ್ಲಿ ಲೈಟು ಹತ್ತಿತು. ಹಾಸಿಗೆಯಲ್ಲಿ ನೋಡಿದರೆ ಮಕ್ಕಳಿಬ್ಬರೂ ಇಲ್ಲ. ಬೆಂಗಳೂರಿನಲ್ಲಿ ಸ್ಕೂಲಿಗೆ ಎಬ್ಬಿಸಲು ಮೂರು ಸಲ ಕೂಗಬೇಕು. ಇಲ್ಲಿ ಯಾರೂ ಕೂಗಿರಲಿಲ್ಲ.

ಗೌರಿ ಈಗ ಎರಡು ತಿಂಗಳ ಬಾಣಂತಿ ಹಸು. ಕರು ಬಿಟ್ಟ ಕೂಡಲೇ ಅದು ಕೆಚ್ಚಲಿಗೆ ಗುಮ್ಮಿ ಗುಮ್ಮಿ ಕುಡಿಯಲು ಶುರು ಮಾಡಿತು. ಹಸು ಸೊರೆ ಬಿಟ್ಟ ಮೇಲೆ ಕರುವನ್ನು ಎಳೆದು ಪಕ್ಕಕ್ಕೆ ಕಟ್ಟಬೇಕು. ಆ ಹಗ್ಗವನ್ನು ಅವ್ವ ನನ್ನ ಮಗನ ಕೈಗೆ ಕೊಟ್ಟಳು. "ಬುಡ್ಬೇಡ ಕಣಪ್ಪ, ಬುಟ್ರೆ ಎಲ್ಲಾನೂ ಅದೇ ಕುಡ್ಕೊಬುಡ್ತದೆ" ಅಂದಳು. ಹಸು ಕಂಡರೆ ನನ್ನ ಹಿಂದೆ ಬಚ್ಚಿಟ್ಟುಕೊಳ್ಳುವ ಮಗ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಹಲ್ಲು ಕಚ್ಚಿ ನಿಂತ. ಕರು ಅವನ ಅಂಗಿ ಚೀಪುತ್ತಿತ್ತು. ಅಂಗಿ ಬಿಡಿಸಿಕೊಳ್ಳಲು ಹಗ್ಗ ಬಿಡಬೇಕಾಗುತ್ತೆ ಅಂತ ಅವನು ಹಾಗೇ ಇದ್ದ.

ಅವ್ವ ಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದು ಕೂತಳು. ಮೊದಲ ಧಾರೆ ಸ್ಟೀಲ್ ಬಕೆಟ್ಟಿನ ತಳಕ್ಕೆ ಬಿದ್ದಾಗ 'ಚುಂಯ್' ಅಂತ ತೆಳ್ಳನೆ ಸದ್ದು. ಹಾಲು ಏರಿದ ಹಾಗೆ ಸದ್ದು ದಪ್ಪಗಾಗುತ್ತಾ ಬಂತು. ನೊರೆ ಬಂದ ಮೇಲೆ ಬರೀ 'ಪೊರ್ ಪೊರ್'. "ಅಜ್ಜಿ, ಬಕೆಟ್ ತುಂಬ್ತಾ ಇದೆ, ಕಣ್ಣು ಮುಚ್ಕೊಂಡ್ರೂ ಗೊತ್ತಾಗುತ್ತೆ" ಅಂದಳು ಮಗಳು. ಅದೇ ಮನೆಯಲ್ಲಿ ಇಪ್ಪತ್ತು ವರ್ಷ ಬೆಳೆದ ನಾನು ಆ ಸದ್ದಿಗೆ ಯಾವತ್ತೂ ಕಿವಿ ಕೊಟ್ಟಿರಲಿಲ್ಲ.

ಅಪ್ಪನ ಜೊತೆ ಇಬ್ಬರೂ ಡೇರಿಗೆ ಹೋದರು. ನಾನೂ ಹಿಂದೆ ಹೋದೆ. ಕ್ಯಾನು ಹಿಡಿದವರ ಸಾಲು, ಅರ್ಧ ಜನ ಹೆಂಗಸರು. ಹಾಲು ಅಳೆದು, ಒಂಚೂರು ತೆಗೆದು ಮೆಷಿನ್ನಿಗೆ ಇಡುತ್ತಾರೆ. ಚೀಟಿ ಬರುತ್ತೆ: ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು, ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ಎಷ್ಟು. ಅದರ ಮೇಲೆ ದುಡ್ಡು. ಅಪ್ಪ ಅದನ್ನು ಮನೆಯ ಪುಸ್ತಕದಲ್ಲಿ ಬರೆದಿಡುತ್ತಾರೆ. ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದರು. ಪುಸ್ತಕವನ್ನು ಮಗಳ ಕೈಗೆ ಕೊಟ್ಟು, "ನೀನೇ ಬರಿ ಮಗಾ, ನಿಂಗೇ ಕಾಣೋದು" ಅಂದರು.

ಕಟ್ಟೆಯ ಮೇಲೆ ಕೂತು ಬರೆದಳು. 5 ಲೀಟರ್ 300 ಮಿಲಿ. ಫ್ಯಾಟ್ 4.1. ಎಸ್‌ಎನ್‌ಎಫ್ 8.5. ಚೀಟಿ ನೋಡಿ, ಪುಸ್ತಕ ನೋಡಿ, ಮತ್ತೆ ಚೀಟಿ ನೋಡಿದಳು. ಈ ಹಾಲು ಗೆಜ್ಜಲಗೆರೆಯ ಒಕ್ಕೂಟದ ಡೇರಿಗೆ ಹೋಗಿ ಅಲ್ಲಿ ನಂದಿನಿ ಪ್ಯಾಕೆಟ್ ಆಗುತ್ತೆ ಅಂತ ಅಪ್ಪ ಹೇಳಿದರು. "ಹಂಗಾದ್ರೆ ನಾವು ಗೌರಿ ಹಾಲು ಕುಡ್ದಿರ್ಬಹುದು ಅಲ್ವಾ?" ಅಂತ ಕೇಳಿದಳು. ಕುಡಿದಿರಲೂಬಹುದು.

ಅವತ್ತಿನಿಂದ ಅಪ್ಪ ಬೇಕಂತಲೇ ಕನ್ನಡಕ ಮನೆಯಲ್ಲಿ ಬಿಟ್ಟು ಬರಲು ಶುರು ಮಾಡಿದರು.

ಮಂಗಳವಾರ

ತಿಂಡಿ ಮುಗಿಸಿ ಗದ್ದೆಗೆ ಹೋದೆವು. ನಾಲೆ ಏರಿ ಮೇಲೆ ಹೋಗುವಾಗ ಅವ್ವ ಮಗನ ಮಣಿಕಟ್ಟು ಬಿಡಲೇ ಇಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸೊಂದು ಇದೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅದರಲ್ಲಿ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ನಮ್ಮ ತಾಲ್ಲೂಕಿನ ತಾಯಂದಿರಿಗೆ ಆ ಭಯ ಇನ್ನೂ ಹೋಗಿಲ್ಲ. ಅನ್ನ ಕೊಡುವ ನೀರೇ ಅದು, ಆದರೂ ಹತ್ತಿರ ಹೋದರೆ ಎದೆ ಹೊಡೆದುಕೊಳ್ಳುತ್ತೆ.

ಭತ್ತ ಹೊಡೆ ಒಡೆದು ತೆನೆ ಆಚೆ ಬಂದಿದೆ. ಇನ್ನೂ ಬಾಗಿಲ್ಲ. ಅಪ್ಪ ಒಂದು ತೆನೆ ಹಿಡಿದು, ಎಳೆ ಕಾಳನ್ನು ಉಗುರಿನಲ್ಲಿ ಒತ್ತಿದರು. ಬಿಳಿ ಹನಿಯೊಂದು ಬೆರಳ ತುದಿಗೆ ಬಂತು. "ನೋಡು, ಹಾಲುಗಟ್ತಾ ಅದೆ. ಇದು ಗಟ್ಟಿ ಆದ್ರೆ ಅಕ್ಕಿ." ಮಗ ತಾನೂ ಒಂದು ಒತ್ತಿದ. ಹನಿ ಬಂತು. ನೆಕ್ಕಿ ನೋಡಿದ. "ತಾತ, ಇದನ್ನೂ ಡೇರಿಗೆ ಹಾಕ್ತಾರಾ?" ಅಂದ. ಅಪ್ಪ ಗದ್ದೆ ಬದುವಿನಲ್ಲೇ ಕೂತು ನಕ್ಕರು. ಅವರು ಹಾಗೆ ನಕ್ಕಿದ್ದು ನೋಡಿ ನನಗೆ ಬಹಳ ದಿನ ಆಗಿತ್ತು.

ಆಮೇಲೆ ಮೇಲಿನ ಹೊಲಕ್ಕೆ. ಅಲ್ಲಿಗೆ ನಾಲೆ ನೀರು ಹತ್ತುವುದಿಲ್ಲ, ಮಳೆಯನ್ನೇ ನಂಬಿದ ರಾಗಿ. ರಾಗಿಯ ನಡುವೆ ಅಲ್ಲಲ್ಲಿ ಅಕ್ಕಡಿ ಸಾಲು: ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಈ ತಿಂಗಳಲ್ಲಿ ಹುಚ್ಚೆಳ್ಳು ಹೂ ಬಿಟ್ಟಿರುತ್ತೆ. ಹಸಿರು ರಾಗಿಯ ಮಧ್ಯೆ ಹಳದಿ ಗೆರೆ ಎಳೆದ ಹಾಗೆ. ಯಾಕೆ ಎಲ್ಲಾ ಬೆರೆಸಿ ಹಾಕಿದ್ದೀರಿ ಅಂತ ಮಗಳು ಕೇಳಿದಳು. ಅಪ್ಪ ಒಂದೊಂದೇ ಗಿಡ ಮುಟ್ಟಿ ಹೇಳಿದರು. ಮಳೆ ಕೈಕೊಟ್ಟು ರಾಗಿ ಹೋದರೂ ತೊಗರಿ ನಿಲ್ಲುತ್ತೆ, ಅದರ ಬೇರು ಆಳ. ಅವರೆ ಭೂಮಿಗೆ ಸಾರ ಕೊಡುತ್ತೆ. ಜೋಳದ ತೆನೆ ಮೇಲೆ ಹಕ್ಕಿ ಕೂರುತ್ತೆ, ಕೂತ ಹಕ್ಕಿ ಹುಳ ಹೆಕ್ಕುತ್ತೆ. ಹುಚ್ಚೆಳ್ಳು ಹೂವಿಗೆ ಜೇನು ಬರುತ್ತೆ, ಬೀಜದಿಂದ ಚಟ್ನಿಪುಡಿ. ಒಂದೇ ಹೊಲದಿಂದ ವರ್ಷದ ಮುದ್ದೆ, ಬೇಳೆ, ಕಾಳು, ಪುಡಿ ಎಲ್ಲಾ. ಈಗ ನಮ್ಮೂರಲ್ಲೂ ಅಕ್ಕಡಿ ಹಾಕುವವರು ಕಡಿಮೆ. ನನಗೆ ಇದು ನಿಜವಾಗಲೂ ಬೇಸರದ ವಿಷಯ. ಇಷ್ಟು ತಿಳಿವಳಿಕೆ ಒಂದು ಸಾಲಿನಲ್ಲಿ ಇಟ್ಟವರು ಯಾವ ಕಾಲೇಜಿಗೂ ಹೋದವರಲ್ಲ.

ವಾಪಸ್ ಬರುವಾಗ ಮಗ ಕಬ್ಬಿನ ಗರಿ ಹಿಡಿದು ಎಳೆದ. ಬ್ಲೇಡಿನ ಹಾಗೆ ಕುಯ್ದುಬಿಟ್ಟಿತು, ಬೆರಳ ತುಂಬ ರಕ್ತ. ಮನೆಗೆ ಓಡಿ ಬಂದು ತೊಳೆದು ಪಟ್ಟಿ ಕಟ್ಟಿದೆ. ಅಳು ನಿಂತ ಮೇಲೆ ಅವನು ಕೇಳಿದ್ದು ಒಂದೇ: "ನಾಳೆ ಹಗ್ಗ ಹಿಡ್ಕೋಬಹುದಾ?"

ಬುಧವಾರ

ಮಳೆ. ಹಸ್ತೆ ಮಳೆ ಹೋಗುವ ಮುಂಚೆ ಬಾಕಿ ಎಲ್ಲಾ ತೀರಿಸಿ ಹೋಯಿತು ಅನ್ನಿ. ಕರೆಂಟೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಒಬ್ಬರ ಕೂದಲು ಒಬ್ಬರು ಎಳೆಯಲು ಶುರು ಮಾಡಿದರು. ಫೋನು ಕೊಟ್ಟು ಸುಮ್ಮನಿರಿಸೋಣ ಅಂತ ಕೈ ಹೋಗಿತ್ತು. ಅಷ್ಟರಲ್ಲಿ ಅತ್ತಿಗೆ ಒಂದು ಮೊರದ ತುಂಬ ಹಸಿ ಅಲಸಂದೆ ಕಾಯಿ ತಂದು ಮುಂದೆ ಇಟ್ಟಳು. "ಸಾರಿಗೆ ಬೇಕು, ಬಿಡಿಸ್ಕೊಡಿ" ಅಂದಳು. ಅಷ್ಟೇ. ಜಗಳ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಗ ಹುಳ ಇರುವ ಕಾಯಿ ಹುಡುಕುವುದು, ಮಗಳು ಕಾಳು ಎಣಿಸುವುದು. ಒಂದು ಕಾಯಿಯಲ್ಲಿ 17 ಕಾಳು ಸಿಕ್ಕಿತು ಅಂತ ಮನೆಗೆಲ್ಲಾ ತೋರಿಸಿಕೊಂಡು ಬಂದಳು.

ಆ ಮೊರದ ಮುಂದೆ ಕೂತಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ರಜೆಯಲ್ಲಿ ಮಕ್ಕಳನ್ನು ಖುಷಿಪಡಿಸಬೇಕು, ಏನಾದರೂ ತೋರಿಸಬೇಕು ಅಂತಲೇ ನಾನು ಇಷ್ಟು ವರ್ಷ ಓಡಾಡಿದ್ದೆ. ಅವರಿಗೆ ನೋಡುವುದಕ್ಕಿಂತ ಮಾಡುವುದು ಬೇಕಿತ್ತು. ಅದೂ ಆಟದ ಕೆಲಸ ಅಲ್ಲ, ನಿಜವಾದ ಕೆಲಸ. ಅವರು ಬಿಡಿಸದಿದ್ದರೆ ರಾತ್ರಿ ಸಾರು ಇಲ್ಲ, ಹಗ್ಗ ಬಿಟ್ಟರೆ ಡೇರಿಗೆ ಹಾಲಿಲ್ಲ. ಬೆಂಗಳೂರಿನ ನಮ್ಮ ಮನೆಯಲ್ಲಿ ಅವರು ಮಾಡದಿದ್ದರೆ ನಿಂತುಹೋಗುವ ಕೆಲಸ ಒಂದೂ ಇಲ್ಲ. ನಾನೇ ಎಲ್ಲಾ ಮಾಡಿ ಮುಗಿಸುತ್ತೇನೆ, ಬೇಗ ಆಗುತ್ತೆ ಅಂತ.

ಸಂಜೆ ಅಳಗುಳಿ ಮಣೆ ಇಳಿಸಿದೆವು. ಹುಣಸೆ ಬೀಜ ಸಾಲದೆ ಅಲಸಂದೆ ಕಾಳೇ ಹಾಕಿಕೊಂಡು ಆಡಿದರು.

ಗುರುವಾರ

ನಮ್ಮ ಕಬ್ಬು ಆಲೆಮನೆಗೆ ಹೋಗುವ ದಿನ. ಮಗ ಬೆಳಿಗ್ಗೆಯಿಂದ ಟ್ರ್ಯಾಕ್ಟರ್ ದಾರಿ ಕಾಯುತ್ತಿದ್ದ.

ದೂರದಿಂದಲೇ ಬೆಲ್ಲದ ವಾಸನೆ. ಒಳಗೆ ಹೋದರೆ ಗಾಣದ ಸದ್ದಿಗೆ ಮಾತು ಕೇಳುವುದಿಲ್ಲ. ಒಂದು ಕಡೆಯಿಂದ ಕಬ್ಬು ಕೊಡುತ್ತಾರೆ, ಇನ್ನೊಂದು ಕಡೆ ಸಿಪ್ಪೆ ಬೀಳುತ್ತೆ, ಕೆಳಗೆ ಹಾಲು ಹರಿಯುತ್ತೆ. ಮಗಳು ನನ್ನ ಕಿವಿಯಲ್ಲಿ, "ಇದಕ್ಕೂ ಹಾಲು ಅಂತಾರಾ?" ಅಂತ ಕೂಗಿದಳು. ಹೌದು, ಕಬ್ಬಿನ ಹಾಲು. ನಮ್ಮ ಜಿಲ್ಲೆಯಲ್ಲಿ ಹಸುವಿಗೂ, ಭತ್ತಕ್ಕೂ, ಕಬ್ಬಿಗೂ ಹಾಲೇ.

ಹಿಂಡಿದ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ, ಅದನ್ನೇ ಒಲೆಗೆ ಉರಿ ಹಾಕುತ್ತಾರೆ. ಬೇರೆ ಸೌದೆ ಬೇಡ. ನಿನ್ನೆ ಮಳೆಗೆ ಸಿಪ್ಪೆ ಸ್ವಲ್ಪ ಹಸಿಯಾಗಿ ಹೊಗೆ ಜಾಸ್ತಿ ಇತ್ತು. ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕಾಯುವಾಗ ಒಂಚೂರು ಸುಣ್ಣ ಹಾಕುತ್ತಾರೆ. ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ಬಿಡುತ್ತಾರೆ. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತೆ, ಅದನ್ನು ಉದ್ದ ಜಾಲರಿಯಲ್ಲಿ ತೆಗೆದು ಹಾಕುತ್ತಾರೆ. ಪಾಕ ಉಕ್ಕಿ ಬಂದರೆ ಎರಡು ಹನಿ ಹರಳೆಣ್ಣೆ, ಮುನಿಸು ಇಳಿದ ಹಾಗೆ ಇಳಿದುಹೋಗುತ್ತೆ. ಮಕ್ಕಳನ್ನು ಕೊಪ್ಪರಿಗೆಯಿಂದ ದೂರ, ಗೋಡೆ ಪಕ್ಕದ ಕಲ್ಲಿನ ಮೇಲೆ ಕೂರಿಸಿದ್ದೆ. ಅಲ್ಲಿಂದ ಏಳಬಾರದು ಅಂತ ಅಪ್ಪನ ಆಜ್ಞೆ. ಆಲೆಮನೆಯಲ್ಲಿ ಈ ವಿಷಯಕ್ಕೆ ಮುಲಾಜು ಇಟ್ಟುಕೊಳ್ಳಬಾರದು.

ಪಾಕ ಬಂತಾ ಅಂತ ನೋಡುವ ಕೆಲಸ ಒಬ್ಬ ವಯಸ್ಸಾದವರದ್ದು. ಅವರು ಗಡಿಯಾರ ನೋಡಲಿಲ್ಲ, ಥರ್ಮಾಮೀಟರ್ ಇರಲಿಲ್ಲ. ಒಂದು ಬಟ್ಟಲು ತಣ್ಣೀರಿಗೆ ನಾಲ್ಕು ಹನಿ ಪಾಕ ಬಿಟ್ಟು, ಕೈ ಹಾಕಿ ಉಂಡೆ ಮಾಡಿ, ಬಟ್ಟಲ ಅಂಚಿಗೆ ಹೊಡೆದರು. 'ಟಕ್' ಅಂತು. "ಇಳ್ಸಿ" ಅಂದರು. ನಾಲ್ಕು ಜನ ಒಟ್ಟಿಗೆ ಹಿಡಿದು ಪಾಕವನ್ನು ತೊಟ್ಟಿಗೆ ಸುರಿದರು. ಆರುತ್ತಾ ಬಂದ ಹಾಗೆ ಮರದ ಸಲಿಕೆಯಲ್ಲಿ ತಿರುವಿ, ಅಚ್ಚಿಗೆ ತುಂಬಿದರು. ಒಂದು ಟನ್ ಕಬ್ಬಿಗೆ ಸುಮಾರು 100 ಕೆಜಿ ಬೆಲ್ಲ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಾಟು ಬೆಲ್ಲ ಅಂತ ಮಂಡ್ಯ ಮಾರುಕಟ್ಟೆಯಲ್ಲಿ ಬೇರೆ ಬೇರೆ ಹೆಸರು, ಬೇರೆ ಬೇರೆ ರೇಟು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪೇಟೆಯಲ್ಲಿ ನಾವು ಹಳದಿ ಹಳದಿ, ಹೊಳೆಯುವ ಬೆಲ್ಲ ಹುಡುಕುತ್ತೇವೆ. ಆ ಬಣ್ಣ ಬರಲು ಕೆಲವು ಕಡೆ ಕೆಮಿಕಲ್ ಹಾಕುತ್ತಾರೆ, ಸಕ್ಕರೆ ಬೆರೆಸುವವರೂ ಇದ್ದಾರೆ. ಕೆಮಿಕಲ್ ಹಾಕದ ಬೆಲ್ಲ ಕಂದು ಬಣ್ಣ, ಕೆಲವು ಸಲ ಕಪ್ಪಗೇ ಇರುತ್ತೆ. ಅದನ್ನು ಕೇಳಿ ತಗೊಳ್ಳಿ. ನಾವು ಕೇಳಿದರೆ ತಾನೇ ಅವರು ಮಾಡುವುದು?

ಬಿಸಿ ಬೆಲ್ಲವನ್ನು ಬಾಳೆ ಎಲೆ ಚೂರಿಗೆ ಹಾಕಿ, ಮೇಲೆ ಕೊಬ್ಬರಿ ತುರಿದು ಕೊಟ್ಟರು. ಮಗ ಊದಿ ಊದಿ ತಿಂದ. ಎಲೆಗೆ ಅಂಟಿದ್ದನ್ನು ಬೆರಳಿನಲ್ಲಿ ಕೆರೆದು, ಆಮೇಲೆ ಎಲೆಯನ್ನೇ ನೆಕ್ಕಿದ. ರಾತ್ರಿ ಅದೇ ಬೆಲ್ಲದ ಒಂದು ಚೂರು ಹಾಕಿಕೊಟ್ಟರೆ ಲೋಟದ ತುಂಬ ಹಾಲು ಕುಡಿದು ಮಲಗಿದ. ಮನೆಯಲ್ಲಿ ಹಾಲಿನ ಲೋಟಕ್ಕಾಗಿ ನಡೆಯುವ ರಂಪ ಬಲ್ಲವರಿಗೆ ಇದು ಎಷ್ಟು ದೊಡ್ಡ ಸಂಗತಿ ಅಂತ ಅರ್ಥವಾಗುತ್ತೆ.

ಶುಕ್ರವಾರ

ಆಯುಧಪೂಜೆ. ಯಜಮಾನರು ಹಿಂದಿನ ರಾತ್ರಿಯೇ ಬಂದಿದ್ದರು. ಟ್ರ್ಯಾಕ್ಟರ್, ಬೈಕು, ಪಂಪ್‌ಸೆಟ್ಟು, ನೇಗಿಲು, ಗುದ್ದಲಿ, ಕುಡುಗೋಲು ಎಲ್ಲಾ ತೊಳೆದು ಸಾಲಾಗಿ ಇಟ್ಟೆವು. ನೇಗಿಲು ಹೂಡಿ ಹತ್ತು ವರ್ಷದ ಮೇಲಾಯಿತು, ಆದರೂ ಪೂಜೆಗೆ ಅದೇ ಮೊದಲು. ವಿಭೂತಿ, ಕುಂಕುಮ, ಚೆಂಡು ಹೂವು, ಬಾಳೆಕಂದು. ಮಕ್ಕಳಿಗೆ ಹೂ ಪೋಣಿಸುವ ಕೆಲಸ.

ಮಗಳು ಒಳಗೆ ಹೋಗಿ ಹಾಲಿನ ಕ್ಯಾನು, ಪುಸ್ತಕ, ಪೆನ್ನು ತಂದು ಸಾಲಿನ ಕೊನೆಗೆ ಇಟ್ಟಳು. ಮಗ ಓಡಿ ಹೋಗಿ ಕರು ಕಟ್ಟುವ ಹಗ್ಗ ತಂದ. ಅವ್ವ ಏನೂ ಹೇಳದೆ ಅದಕ್ಕೂ ಕುಂಕುಮ ಇಟ್ಟಳು. ಪೂಜೆ ಆದ ಮೇಲೆ ಬೂದುಗುಂಬಳಕಾಯಿ ಒಡೆದು, ಚೂರುಗಳನ್ನು ರಸ್ತೆಯಿಂದ ಎತ್ತಿ ಪಕ್ಕಕ್ಕೆ ಹಾಕಿಸಿದರು ಅಪ್ಪ, ಯಾರೂ ಜಾರಿ ಬೀಳಬಾರದು ಅಂತ. ಕಡಲೆಪುರಿ, ಬಾಳೆಹಣ್ಣು, ಒಬ್ಬಟ್ಟು. ಮಧ್ಯಾಹ್ನ ಎಲ್ಲರಿಗೂ ನಿದ್ದೆ.

ಶನಿವಾರ

ವಿಜಯದಶಮಿ. ಜಂಬೂಸವಾರಿಗೆ ಹೋಗಬೇಕೋ ಬೇಡವೋ ಅಂತ ಬೆಳಿಗ್ಗೆ ಚರ್ಚೆ ಆಯಿತು. ಐದು ವರ್ಷದ ಮಗುವನ್ನು ಆ ಜನಜಂಗುಳಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದು ಬೇಡ ಅಂದೆ. ಟಿವಿಯಲ್ಲೇ ನೋಡಿದೆವು. ಬೀದಿಯ ಮಕ್ಕಳೆಲ್ಲಾ ನಮ್ಮ ನಡುಮನೆಯಲ್ಲಿ. 750 ಕೆಜಿ ತೂಕದ ಅಂಬಾರಿ ಹೊತ್ತು ಆನೆ ಅಭಿಮನ್ಯು ಹೆಜ್ಜೆ ಹಾಕಿದ್ದು ನೋಡಿ ಅವ್ವ ಕೂತಲ್ಲೇ ಕೈ ಮುಗಿದಳು. ನಡುವೆ ಐದೂವರೆ ಆಯಿತು. ನನ್ನ ಮಕ್ಕಳಿಬ್ಬರೂ ಎದ್ದು ಕೊಟ್ಟಿಗೆಗೆ ಹೋದರು.

ಭಾನುವಾರ

ಹೊರಡುವ ದಿನ. ಬೆಳಿಗ್ಗೆಯ ಹಾಲಿನ ಲೆಕ್ಕ ಬರೆದು, ಮಗಳು ಪುಸ್ತಕವನ್ನು ತಾತನಿಗೆ ವಾಪಸ್ ಕೊಟ್ಟಳು. ಚೀಲದಲ್ಲಿ ಬೆಲ್ಲ, ಹುಚ್ಚೆಳ್ಳು ಪುಡಿ, ಅಲಸಂದೆ ಕಾಳು. ಅವ್ವ ಅಳಲಿಲ್ಲ. ಗೇಟಿನವರೆಗೆ ಬಂದು, "ಸಂಕ್ರಾಂತಿಗೆ ಕಳ್ಸು, ಅವರೆಕಾಯಿ ಬಿಡಿಸಕ್ಕೆ ಜನ ಬೇಕು" ಅಂದಳು.

ಮೈಸೂರಿಗೆ ಹೋಗಿ ರಾತ್ರಿ ರೈಲು ಹಿಡಿಯುವುದು ಅಂತ ಮಾಡಿದೆವು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ, ಒಡೆಯರ ದಸರಾ ಶುರುವಾಗಿದ್ದು ಇಲ್ಲೇ, 1610ರಲ್ಲಿ ರಾಜ ಒಡೆಯರ್ ಕಾಲದಲ್ಲಿ ಅಂತ ಯಜಮಾನರು ಹೇಳಿದರು. ಮಕ್ಕಳು ನದಿ ನೋಡುತ್ತಿದ್ದರು.

ಏಳು ಗಂಟೆಗೆ ಅರಮನೆ ಮುಂದೆ ನಿಂತಿದ್ದೆವು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಈಗಿನದು 1912ಕ್ಕೆ ಮುಗಿಯಿತು. ಒಂದೇ ಸಲಕ್ಕೆ ಲಕ್ಷದ ಹತ್ತಿರ ಬಲ್ಬು ಹತ್ತಿದಾಗ ಅಲ್ಲಿದ್ದವರೆಲ್ಲಾ 'ಹೋ' ಅಂದರು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತೆ. ಮಗ ಯಜಮಾನರ ಹೆಗಲ ಮೇಲೆ ಬಾಯಿ ತೆರೆದು ಕೂತಿದ್ದ. ಮಗಳು ಸ್ವಲ್ಪ ಹೊತ್ತು ನೋಡಿ, ನನ್ನ ಕೈ ಜಗ್ಗಿದಳು. "ಅಮ್ಮಾ, ಇವತ್ತು ಸಾಯಂಕಾಲದ್ದು ಯಾರು ಬರ್ದಿರ್ತಾರೆ? ತಾತಂಗೆ ಕಾಣಲ್ಲ."

ಅಲ್ಲಿಂದಲೇ ಫೋನ್ ಮಾಡಿಸಿದೆ. ಗಲಾಟೆಯಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿದಳು. ನನ್ನ ಪರ್ಸಿನಿಂದ ಒಂದು ಕಾಗದ ಬೇಕು ಅಂದಳು. ಮಡಚಿಟ್ಟಿದ್ದ ಆ ಪಟ್ಟಿಯೇ ಸಿಕ್ಕಿತು. ಅದರ ಹಿಂದೆ ಬರೆದುಕೊಂಡಳು.

ಈಗ ಅದಕ್ಕೇ ಒಂದು ನೋಟ್‌ಬುಕ್ ಮಾಡಿದ್ದಾಳೆ. ದಿನಾ ರಾತ್ರಿ ಊಟಕ್ಕೆ ಮುಂಚೆ ತಾತನಿಗೆ ಫೋನು. ತಾತ ಚೀಟಿಯನ್ನು ಓದಿ ಹೇಳುತ್ತಾರೆ, ಕನ್ನಡಕ ಹಾಕಿಕೊಂಡೇ. ನಿನ್ನೆಯ ಸಾಲು ಹೀಗಿದೆ: ಬೆಳಿಗ್ಗೆ 4 ಲೀಟರ್ 800 ಮಿಲಿ, ಸಂಜೆ 4 ಲೀಟರ್ 100 ಮಿಲಿ. ಪಕ್ಕದಲ್ಲಿ ಅವಳ ಕೈಯಲ್ಲೇ, ಚಿಕ್ಕ ಅಕ್ಷರದಲ್ಲಿ: ಹಗ್ಗ ಹಿಡಿಯಲು ಯಾರೂ ಇರಲಿಲ್ಲ, ಕರು ಕುಡಿದಿದೆ.